ಸಾಮಿಯಾತಾಳ್ ‘ಸರಿ’ ಎಂದ ಮೇಲೆಯೇ ಡೇರೆ

ಬೆಳಿಗ್ಗೆ ಆರಕ್ಕೆ ಇನ್ನೂ ಕಾಲು ಗಂಟೆ ಇದೆ. ತಮಿಳುನಾಡಿನ ಆನೈಮಲೈ ಬೆಟ್ಟದಂಚಿನ ಶಿಬಿರದಲ್ಲಿ ನಿನ್ನೆ ಸಂಜೆ ಖಾಲಿಯಾದ ಮೂರನೇ ಡೇರೆಯ ಹಿಂದೆ ಸಾಮಿಯಾತಾಳ್ ಕುಕ್ಕರಗಾಲಲ್ಲಿ ಕೂತಿದ್ದಾರೆ. ಸುತ್ತಲ ಮಣ್ಣು ಬೂದಿ ಬಣ್ಣಕ್ಕಿದೆ, ಅಂಗೈಯಗಲದ ಒಂದು ಜಾಗ ಮಾತ್ರ ಒದ್ದೆಯಾಗಿ ಕಪ್ಪಾಗಿದೆ. ಅಲ್ಲಿಂದ ಚಿಟಿಕೆ ಮಣ್ಣು ತೆಗೆದು ನಾಲಿಗೆ ತುದಿಗೆ ಮುಟ್ಟಿಸಿ ಉಗುಳುತ್ತಾರೆ. ಉಪ್ಪು. ಕಳೆಗುದ್ದಲಿಯಿಂದ ಗೇಣುದ್ದ ಅಗೆದರೆ ಬಾಳೆಲೆಯಲ್ಲಿ ಸುತ್ತಿದ ಉಪ್ಪಿನಕಾಯಿ ಸಿಗುತ್ತದೆ. ಅದನ್ನು ಬಕೆಟ್ಟಿಗೆ ಹಾಕಿ ಮುಚ್ಚಳ ಒತ್ತುತ್ತಾರೆ.

“ಹೂತ್‌ಹಾಕುದ್ರೆ ಮುಗೀತು ಅಂತ ಮನುಸರು ಅಂದ್ಕೊಳ್ಳದು. ಆನೆಗೆ ಹೂತದ್ದೂ ಒಂದೆ, ಎದುರಿಗೆ ಇಟ್ಟದ್ದೂ ಒಂದೆ.”

ಅವರಿಗೆ ಅರವತ್ತೊಂದು. ತಲೆಮಾರುಗಳ ಹಿಂದೆಯೇ ಇಲ್ಲಿ ನೆಲೆ ನಿಂತ ಒಕ್ಕಲು ಮನೆತನ. ಮನೆಯೊಳಗೆ ಕನ್ನಡ, ಹೊಸಿಲು ದಾಟಿದರೆ ತಮಿಳು. ಕನ್ನಡ ಓದಲು ಬಾರದು, ಈ ಬರಹವನ್ನೂ ಯಾರಾದರೂ ಓದಿ ಹೇಳಬೇಕು. ಗಂಡ ಸುಬ್ಬಯ್ಯನ್ ತೆಂಗಿನ ತೋಟಗಳಲ್ಲಿ ಕಾಯಿ ಸುಲಿಯುತ್ತಾರೆ. ಹದಿನಾಲ್ಕು ವರ್ಷದ ಹಿಂದೆ ಊರಿನ ಸಂಘವೊಂದು ಪ್ರವಾಸಿಗರಿಗೆಂದು ಕಾಡಿನ ಪಕ್ಕ ಒಂಬತ್ತು ಡೇರೆ ಹಾಕಿದಾಗ ಇವರು ಗುಡಿಸುವ ಕೆಲಸಕ್ಕೆ ಸೇರಿದರು. ಹಾಜರಿ ಪುಸ್ತಕದಲ್ಲಿ ಇಂದಿಗೂ ಗುಡಿಸುವವರೇ. ಎರಡನೇ ವರ್ಷ, ಯಾರೋ ಹಾಸಿಗೆಯಡಿ ಮರೆತ ಬೆಲ್ಲವನ್ನು ಡೇರೆಯ ಹೊರಗಿನಿಂದಲೇ ಮೂಸಿ ಪತ್ತೆ ಮಾಡಿದರು. ತಿನಿಸಿನ ವಾಸನೆ ಹಿಡಿದು ಆನೆ ಡೇರೆಗೇ ನುಗ್ಗುತ್ತದೆ. ಅವತ್ತಿನಿಂದ ಇವರು ‘ಸರಿ’ ಎನ್ನದೆ ಯಾವ ಡೇರೆಗೂ ಜನ ಬಿಡುವುದಿಲ್ಲ.

ಶನಿವಾರ, ಭಾನುವಾರ ನಲವತ್ತು ಜನ ಬರುತ್ತಾರೆ. ಹೆಚ್ಚಿನವರು ತಿರುಪ್ಪೂರಿನ ಬನಿಯನ್ ಕಂಪನಿಗಳವರು, ಕೊಯಮತ್ತೂರಿನ ಕಾಲೇಜು ಹುಡುಗರು. ಹೋದ ಮೇಲೆ ಕಿತ್ತಳೆ ಸಿಪ್ಪೆ, ಗ್ಲೂಕೋಸ್ ಪುಡಿ, ಸೋಪಿನ ಚೂರು, ಅರ್ಧ ತಿಂದ ಪರೋಟ ಉಳಿಯುತ್ತವೆ. ಒಂದೊಂದು ಡೇರೆಗೂ ಮೂವತ್ತು ಹೆಜ್ಜೆಯ ಸುತ್ತು. ಅಡುಗೆ ಜಾಗ, ತೊರೆಯ ಮೆಟ್ಟಿಲು ಬೇರೆ. ದಿನಕ್ಕೆ ಎರಡು ಬಕೆಟ್, ಸೋಮವಾರ ಮೂರು. ಎಂಟು ಗಂಟೆಯ ಜೀಪಿನಲ್ಲಿ ಅವು ಊರಿನ ಗುಂಡಿಗೆ ಹೋಗುತ್ತವೆ.

ಕಳೆದ ತೈ ತಿಂಗಳಲ್ಲಿ, ಸಂಕ್ರಾಂತಿ ಕಳೆದ ಮೇಲೆ, ಅವರಿಗೆ ಜ್ವರ ಬಂತು. ಬಿಟ್ಟು ಒಂದು ವಾರವಾದ ಮೇಲೆ ಒಂದು ದಿನ ಒಲೆಯ ಮುಂದೆಯೇ ಕೂತಿದ್ದರು. ರಸ ಬತ್ತಿ ತಳ ಹತ್ತಿತು. ಸೀದ ವಾಸನೆಗೆ ಹಿತ್ತಲಲ್ಲಿದ್ದ ಸೊಸೆ ತೆನ್ಮೊಳಿ ಓಡಿ ಬಂದಳು. ಅತ್ತೆಗೆ ಗೊತ್ತೇ ಆಗಿರಲಿಲ್ಲ.

“ಅತ್ತೆಗೆ ಮೂಗು ಹೋದ್ಮೇಲೆ ನನ್ ಅಡಿಗೆಗೆ ಒಂದು ಕೊರತೆ ಹೇಳಿಲ್ಲ. ಹದಿನೊಂದು ವರ್ಷಕ್ಕೆ ಈಗ ನೆಮ್ಮದಿ” ಎನ್ನುತ್ತಾಳೆ ತೆನ್ಮೊಳಿ. ಸಾಮಿಯಾತಾಳ್ ನಗುವುದಿಲ್ಲ.

ಶಿಬಿರದಲ್ಲಿ ಅವರು ಯಾರಿಗೂ ಹೇಳಲಿಲ್ಲ. ಹತ್ತು ಬೆಳಗು ಎಂದಿನಂತೆ ಬಾಗಿದರು, ಮೂಸಿದರು, ‘ಸರಿ’ ಎಂದರು. ಹನ್ನೊಂದನೇ ದಿನ ನಸುಕಿನಲ್ಲಿ ಆನೆಯೊಂದು ನಾಲ್ಕನೇ ಡೇರೆಯನ್ನು ಸೀಳಿ ಹಾಕಿತು. ಅದರಲ್ಲಿ ಮಲಗಬೇಕಿದ್ದ ಕುಟುಂಬ ಮಗುವಿಗೆ ಹುಷಾರಿಲ್ಲವೆಂದು ಬಂದಿರಲಿಲ್ಲ. ಹರಿದ ದಿಂಬು, ಮುರಿದ ಕಂಬ. ಕಂಬದ ಬುಡದಲ್ಲಿ ಹಿಂದಿನ ತಂಡದವರು ಹೂತಿದ್ದ ಉಪ್ಪುಗಡಲೆ ಪೊಟ್ಟಣ. ಶಿಬಿರದ ಮೇಲ್ವಿಚಾರಕ ಲೋಗನಾಥನ್ ಆ ತಂಡದವರನ್ನು ಬೈದುಕೊಂಡರು. ಸಾಮಿಯಾತಾಳನ್ನು ಯಾರೂ ಏನೂ ಕೇಳಲಿಲ್ಲ.

ಮಧ್ಯಾಹ್ನ ಅವರೇ ಲೋಗನಾಥನ್ ಬಳಿ ಹೋಗಿ ಹೇಳಿದರು. ವಾಸನೆ ಬರುವುದಿಲ್ಲ, ಹತ್ತು ದಿನ ಸುಳ್ಳು ಹೇಳಿದೆ, ಕೆಲಸದಿಂದ ತೆಗೆದುಬಿಡಿ ಎಂದರು.

“ಅವ ಬೈಲಿಲ್ಲ. ಹಗ್ಗ ಸುತ್ತುತಾ ಇದ್ದ, ಸುತ್ತಿ ಮುಗಿಸ್ದ, ಎದ್ದು ಹೋದ. ಬೈದಿದ್ರೆ ಒಳ್ಳೇದಾಗಿತ್ತು.”

ರಿಪೇರಿಗೆಂದು ಶಿಬಿರ ಇಪ್ಪತ್ತು ದಿನ ಮುಚ್ಚಿತು. ಅಷ್ಟೂ ದಿನ ಅವರು ತಮ್ಮ ಹಿತ್ತಲಲ್ಲಿ ಒಂದೊಂದು ತಿನಿಸು ಹೂತು ಬೆಳಿಗ್ಗೆದ್ದು ನೋಡಿದರು. ಉಪ್ಪು ಇರುವಲ್ಲಿ ಇಬ್ಬನಿಗೆ ಮಣ್ಣು ಕಪ್ಪಾಗುತ್ತದೆ, ಬಿಸಿಲೇರಿದರೆ ಗುರುತು ಹೋಗುತ್ತದೆ. ಎಣ್ಣೆ ಬಿದ್ದ ಮಣ್ಣು ನೀರು ಹೀರದೆ ಹನಿಯನ್ನು ಹಾಗೇ ನಿಲ್ಲಿಸುತ್ತದೆ. ಬೆಲ್ಲಕ್ಕೆ ಇರುವೆ ಸಾಲು. ಬಾಳೆಹಣ್ಣಿನ ಸಿಪ್ಪೆ ಮಾತ್ರ ಎಷ್ಟು ಸಲ ಹೂತರೂ ಯಾವ ಗುರುತನ್ನೂ ಕೊಡಲಿಲ್ಲ.

ಶಿಬಿರ ತೆರೆದ ದಿನ ಲೋಗನಾಥನ್ ಬಳಿ ಹೋಗಿ ಮೂರು ತಿಳಿಯುತ್ತದೆ, ನಾಲ್ಕನೆಯದು ತಿಳಿಯುವುದಿಲ್ಲ ಎಂದರು. ಮೇಲ್ವಿಚಾರಕರು ಒಂದೇ ಷರತ್ತು ಹಾಕಿದರು. ಅನುಮಾನ ಬಂದರೆ ‘ತೆರಿಯಲೆ’ ಎನ್ನಬೇಕು, ಗೊತ್ತಾಗಲಿಲ್ಲ ಅಂತ. ಆ ಡೇರೆ ಅವತ್ತು ಮುಚ್ಚಿರುತ್ತದೆ. ಮೂಗು ಚೆನ್ನಾಗಿರುವ ಬೇರೆಯವರನ್ನು ಏಕೆ ಸೇರಿಸಲಿಲ್ಲ ಎಂದು ಕೇಳಿದರೆ ಲೋಗನಾಥನ್ ತಮಿಳಿನಲ್ಲಿ ಹೇಳುವುದು ಇಷ್ಟು: “ಮೂಗು ಎಲ್ಲರಿಗೂ ಇದೆ. ಬಂದು ಹೇಳಿದ್ದು ಅಕ್ಕ ಒಬ್ಬರೇ.”

ಇಂದು ಏಳನೇ ಡೇರೆಯ ಬಳಿ ಸಾಮಿಯಾತಾಳ್ ಬಹಳ ಹೊತ್ತು ನಿಲ್ಲುತ್ತಾರೆ. ಇರುವೆ ಸಾಲೊಂದು ಬಂದು ಕಲ್ಲಿನಡಿ ನುಗ್ಗುತ್ತಿದೆ. ಕಲ್ಲೆತ್ತಿ, ಅಗೆದು, ನಾಲಿಗೆಗೂ ಮುಟ್ಟಿಸಿ ನೋಡುತ್ತಾರೆ. ಏನೂ ಇಲ್ಲ. ಹಾಸಿಗೆ ಮಗುಚುತ್ತಾರೆ. ಏನೂ ಇಲ್ಲ. ಕೊನೆಗೆ ಅಡುಗೆ ಜಾಗದ ಕಡೆ ತಿರುಗಿ ಸಣ್ಣ ದನಿಯಲ್ಲಿ, “ಏಳು ತೆರಿಯಲೆ, ತಂಬಿ” ಎನ್ನುತ್ತಾರೆ. ಲೋಗನಾಥನ್ ತಲೆಯಾಡಿಸಿ ಬೀಗ ತರುತ್ತಾರೆ.

ಹತ್ತಕ್ಕೆ ತಿರುಪ್ಪೂರಿನಿಂದ ವ್ಯಾನು ಬರುತ್ತದೆ. ಹೊಲಿಗೆ ಕಂಪನಿಯ ಆರು ಹೆಂಗಸರು. ತೊರೆಯ ಪಕ್ಕದ ಏಳನೆಯದನ್ನೇ ತಿಂಗಳ ಹಿಂದೆ ಕೇಳಿಟ್ಟಿದ್ದೆವು ಎಂದು ಕೃತ್ತಿಕಾ ಎಂಬಾಕೆ ಜಗಳಕ್ಕೆ ನಿಲ್ಲುತ್ತಾಳೆ. ಚೆನ್ನಾಗೇ ಇದೆಯಲ್ಲ, ಏನಾಗಿದೆ ಅದಕ್ಕೆ? ಲೋಗನಾಥನ್ ಕಾರಣ ಹೇಳದೆ ಅವರ ಚೀಲಗಳನ್ನು ಎರಡನೆಯದಕ್ಕೆ ಹೊತ್ತು ಹಾಕುತ್ತಾರೆ.

ಸಾಮಿಯಾತಾಳ್ ತೊರೆಯಲ್ಲಿ ಬಕೆಟ್ ತೊಳೆಯುತ್ತಿದ್ದಾರೆ. ಜಗಳ ಕೇಳಿಸುತ್ತಿದ್ದರೂ ತಲೆಯೆತ್ತುವುದಿಲ್ಲ. ಬಕೆಟ್ ಬೋರಲಿಟ್ಟು ಕೈ ಒರೆಸಿಕೊಳ್ಳುತ್ತಾರೆ.

“ಮುಂಚೆ ನಾ ಸರಿ ಅಂದ್ರೆ ಕೇಳೋರು. ಈಗ ತೆರಿಯಲೆ ಅಂದ್ರೂ ಕೇಳ್ತಾರೆ.”