ಮೂಲೆಯಲ್ಲಿ ಕಂಡ ತಲೆ

ಮುದುಕರು ಮುದುಕರಾಗಿಯೇ ಹುಟ್ಟುತ್ತಾರೆಂದು ನಾನು ಬಹಳ ಕಾಲ ನಂಬಿದ್ದೆ. ನಗಬೇಡಿ, ನೀವೂ ನಂಬಿದ್ದಿರಿ, ಬಾಯಿಬಿಟ್ಟು ಹೇಳಲಿಲ್ಲ, ಅಷ್ಟೇ. ಪುರಾಣದ ಒಬ್ಬ ರಾಜ ತನ್ನ ಮುಪ್ಪನ್ನು ಅಂಗಿಯ ಹಾಗೆ ಕಳಚಿ ಮಗನಿಗೆ ತೊಡಿಸಿದನಂತೆ. ಅಂದಮೇಲೆ ಮುಪ್ಪು ಬೇರೆ, ಅದನ್ನು ತೊಟ್ಟವರು ಬೇರೆ ಎಂದು ಹಿಂದಿನವರಿಗೆ ಗೊತ್ತಿತ್ತು. ನನಗೆ ಮಾತ್ರ ಅಂಗಿಯೊಂದೇ ಕಾಣುತ್ತಿತ್ತು.

ಐವತ್ತರ ದಶಕದ ಕೊನೆಗೆ ಮೂಡಬಿದಿರೆಯಿಂದ ಮೆಲ್ಕಾರಿಗೆ ಸೊಸೆಯಾಗಿ ಬಂದೆ. ಮುಂದೆ ಮಾವನ ಹೋಟೆಲು, ಹಿಂದೆ ಮನೆ, ನಡುವೆ ಒಂದು ಕತ್ತಲೆ ಕೋಣೆ. ಕೋಣೆಯಲ್ಲಿ ದೇವಕಿಯಜ್ಜಿ, ಮಾವನ ಚಿಕ್ಕಮ್ಮ. ಬೆಳ್ತಂಗಡಿಯಲ್ಲಿ ಒಂಟಿಯಾಗಿದ್ದವರನ್ನು ಕೈಲಾಗದ ಮೇಲೆ ಕರೆತಂದಿದ್ದರು. ಅವರಿಗೆ ಗಂಜಿ ಕುಡಿಸುವ, ಮೈ ಒರೆಸುವ ಕೆಲಸ ನನ್ನ ಪಾಲಿಗೆ ಬಂತು. ಹೊಸ ಸೊಸೆಗೆ ಹಳೆಯ ಮುದುಕಿ. ಹಂಚಿಕೆ ಸರಿಯಾಗಿಯೇ ಇತ್ತು.

ದೀಪ ಹಚ್ಚುವ ಹೊತ್ತಾದರೆ ಅಜ್ಜಿ ಎದ್ದು ಕೂರುತ್ತಿದ್ದರು. ಖಾಲಿ ಮೂಲೆಯ ಕಡೆಗೆ ಎರಡೂ ಕೈ ಚಾಚಿ, "ಹೆದರಬೇಡ ಮಗಾ, ತಲೆ ಕಾಣ್ತಾ ಉಂಟು" ಎನ್ನುವರು. ನಾನು ಆ ಮೂಲೆಯಲ್ಲಿ ತಲೆ ಹುಡುಕಿ ನೋಡಿದ್ದೇನೆ. ಸಿಕ್ಕಿದ್ದು ಕಸ ಗುಡಿಸುವ ಒಂದು ಹಿಡಿಸೂಡಿ. ಆಮೇಲೆ ಅಜ್ಜಿ ಉಸಿರು ಹಿಡಿದು ಕಿವಿಗೊಡುತ್ತಿದ್ದರು. ಅವರಿಗೆ ಏನೋ ಕೇಳಿಸಬೇಕಿತ್ತು, ಕೇಳಿಸುತ್ತಿರಲಿಲ್ಲ. ಹೋಟೆಲಿನ ಎಣ್ಣೆ ಬಾಣಲೆಯಲ್ಲಿ ಗೋಳಿಬಜೆ ಬೇಯುವ ಸದ್ದೂ ನಿಂತಂತಾಗುತ್ತಿತ್ತು. ಅಷ್ಟಾದ ಮೇಲೆ ಅವರು ಗಂಜಿ ಮುಟ್ಟುತ್ತಿರಲಿಲ್ಲ, ಮಲಗುತ್ತಲೂ ಇರಲಿಲ್ಲ. ದಿನೇ ದಿನೇ ಸೊರಗುತ್ತಿದ್ದರು.

ನಾನು ಬಸುರಿಯಾದದ್ದೇ ಅತ್ತೆ ತೀರ್ಮಾನ ಮಾಡಿಬಿಟ್ಟರು. "ಬಸುರಿ ಇರುವ ಮನೆ ಮಾರಾಯ್ತಿ. ಅವರಿಗೆ ಎಂತದೋ ಕಾಣ್ತದೆ. ಸೌದೆ ಕೊಟ್ಟಿಗೆಯಲ್ಲಿ ಮಲಗಿಸುವ." ಕೊಟ್ಟಿಗೆಯಲ್ಲಿ ಒಂದು ಮಳೆಗಾಲ ಕಳೆಯುವ ಜೀವ ಅದಲ್ಲವೆಂದು ಎಲ್ಲರಿಗೂ ಗೊತ್ತಿತ್ತು.

ಆ ಸಂಜೆ ಹೋಟೆಲಿಗೆ ಮೊಟ್ಟೆ ತರುವ ಐಸಮ್ಮ ಕೋಣೆಯ ಬಾಗಿಲಲ್ಲಿ ಇಣುಕಿದವಳು ಬುಟ್ಟಿ ಕೆಳಗಿಟ್ಟಳು.

"ಅಲ್ಲಾ! ಇವರು ನಮ್ಮ ಬೆಳ್ತಂಗಡಿಯ ದೇವಕಿಯಮ್ಮ ಅಲ್ವಾ? ಅಲ್ಲಿ ಅರ್ಧ ಪೇಟೆಯ ಹೆರಿಗೆ ಮಾಡಿಸಿದ ಕೈ ಅದು!" ಆಮೇಲೆ ಸ್ವರ ತಗ್ಗಿಸಿದಳು. "ನನ್ನ ಚೊಚ್ಚಲು ಬಂದದ್ದೂ ಇವರ ಕೈಗೇ. ಹೀಗೆ ದೀಪ ಹಚ್ಚುವ ಹೊತ್ತು. ಎಷ್ಟು ತಟ್ಟಿದರೂ ಮಗು ಅಳಲಿಲ್ಲ. ಮತ್ತೆ ಇವರು ಯಾರ ಹೆರಿಗೆಗೂ ಹೋಗಲಿಲ್ಲ."

ಮನೆಯಲ್ಲಿ ಯಾರಿಗೂ ಇದು ಗೊತ್ತಿರಲಿಲ್ಲವೇ? ಸೂಲಗಿತ್ತಿಯಾಗಿದ್ದದ್ದು ಮಾವನಿಗೆ ಗೊತ್ತಿತ್ತಂತೆ. ಹೇಳುವಂಥ ಸಂಗತಿಯೆಂದು ತೋರಲಿಲ್ಲವಂತೆ. ಮುದುಕಿ ಎಂದರೆ ಸಾಕಷ್ಟು ಪರಿಚಯವಾಯಿತಲ್ಲ!

ಮರುದಿನ ಅಜ್ಜಿ ಕೈಚಾಚಿ ಉಸಿರು ಹಿಡಿದಾಗ ನಾನು ಮೂಲೆಗೆ ಹೋಗಿ, ಹಿಡಿಸೂಡಿಯ ಪಕ್ಕ ಕುಕ್ಕರಿಸಿ, ಹಸುಗೂಸಿನ ಹಾಗೆ ಅತ್ತುಬಿಟ್ಟೆ. ಹೋಟೆಲಿನಲ್ಲಿ ಒಬ್ಬ ಗಿರಾಕಿ ಚಹಾ ಚೆಲ್ಲಿಕೊಂಡನಂತೆ. ಅಜ್ಜಿಯ ಮುಖ ಸಡಿಲವಾಯಿತು. "ಸ್ವರ ಗಟ್ಟಿ ಉಂಟು, ಬದುಕ್ತದೆ" ಎಂದವರೇ ಗಂಜಿ ಕುಡಿದು ಮಲಗಿದರು. ಕೊಟ್ಟಿಗೆಯ ಮಾತು ಅಲ್ಲಿಗೆ ನಿಂತಿತು. ಅಂದಿನಿಂದ ನಾನು ದಿನಾ ಸಂಜೆ ಹುಟ್ಟುತ್ತಿದ್ದೆ. ಅಜ್ಜಿಯನ್ನು ಎಷ್ಟು ಚೆನ್ನಾಗಿ ನಂಬಿಸಿದ್ದೇನೆಂದು ನನಗೆ ಸ್ವಲ್ಪ ಜಂಬವೂ ಇತ್ತು.

ಏಳನೆಯ ತಿಂಗಳಾಯಿತು. ಚೊಚ್ಚಲ ಹೆರಿಗೆ ತವರಿನಲ್ಲೇ ಆಗಬೇಕಲ್ಲ; ನನ್ನನ್ನು ಕರೆದೊಯ್ಯಲು ಅಣ್ಣ ಬಂದು ಕೂತಿದ್ದ. ನಾಳೆಯಿಂದ ಅಜ್ಜಿಗಾಗಿ ಅಳುವವರು ಯಾರು? ಅತ್ತೆಯನ್ನು ಕೇಳಿದರೆ, "ನನ್ನಿಂದಾಗದು ಮಾರಾಯ್ತಿ, ನನಗೆ ನಗು ಬರ್ತದೆ" ಎಂದರು. ನನಗೆ ನಿಜವಾದ ಅಳುವೇ ಬಂತು. ಅಜ್ಜಿ ಮತ್ತೆ ಗಂಜಿ ಬಿಡುತ್ತಾರೆ, ನಾನು ಮಗುವಿನೊಂದಿಗೆ ತಿರುಗಿ ಬರುವಾಗ ಕೋಣೆ ಖಾಲಿಯಾಗಿರುತ್ತದೆ ಎಂದು ಸಂಕಟವಾಯಿತು. ಹೊರಡುವ ಸುದ್ದಿಯನ್ನು ಯಾರೂ ಅವರ ಕಿವಿಗೆ ಹಾಕಿರಲಿಲ್ಲ.

ಆ ಸಂಜೆ ಮೂಲೆಯಲ್ಲಿ ಕೂತು ಬಾಯಿ ತೆರೆದೆ. ಅಜ್ಜಿ ಬೆರಳೆತ್ತಿ ತಡೆದರು. ನನ್ನನ್ನು ಹೆಸರು ಹಿಡಿದು ಕರೆದದ್ದು ಅದೇ ಮೊದಲು.

"ನೀನು ಸುಮ್ಮನಿರು ಸುಮತಿ. ಇವತ್ತು ಮಗುವೇ ಅಳ್ತಾ ಉಂಟು."

ನಾನು ಕಿವಿಗೊಟ್ಟೆ. ಏನೂ ಕೇಳಿಸಲಿಲ್ಲ. ಕೇಳಿಸಲಿಲ್ಲವೆಂದೇ ಇವತ್ತಿನವರೆಗೂ ಹೇಳಿಕೊಂಡು ಬಂದಿದ್ದೇನೆ. ಅಜ್ಜಿ ತಾವೇ ಗಂಜಿಯ ಬಟ್ಟಲೆತ್ತಿ ಕುಡಿದರು. ಗೋಡೆಯ ಕಡೆ ತಿರುಗಿ ಮಲಗುತ್ತಾ, "ನಾಳೆ ಬಸ್ಸಿನಲ್ಲಿ ಮುಂದಿನ ಸೀಟಿನಲ್ಲೇ ಕೂತುಕೊ. ಹಿಂದೆ ಕುಲುಕ್ತದೆ" ಎಂದರು.