ರಷ್ಯನ್ ಸಂಗೀತವನ್ನು ನಾನು ರಿಪೇರಿ ಮಾಡಿದ್ದು

1984ರಲ್ಲಿ ನಾನು ರಿಯಾದಿನ ಟೇಪ್‌ರೆಕಾರ್ಡರ್ ಸರ್ವಿಸ್ ಸೆಂಟರ್ ಒಂದರಲ್ಲಿ ಸೀನಿಯರ್ ಟೆಕ್ನಿಷಿಯನ್. ಉಡುಪಿಯಲ್ಲಿ ಹತ್ತು ವರ್ಷ ಭಜನೆಗೆ ಹಾರ್ಮೋನಿಯಂ ನುಡಿಸಿದವನಾದ್ದರಿಂದ ನನ್ನ ಕಿವಿಯ ಬಗ್ಗೆ ನನಗೆ ಹೆಚ್ಚೇ ಗರ್ವವಿತ್ತು. ಮೋಟರಿನ ವೇಗ ಅಳೆಯಲು ಒಂದೇ ಸ್ವರ ಮುದ್ರಿಸಿದ ಟೆಸ್ಟ್ ಟೇಪ್ ಇರುತ್ತದೆ. ಅದನ್ನು ಡ್ರಾಯರಿನಿಂದ ತೆಗೆಯುವುದೇ ನನಗೆ ಅವಮಾನ ಅನಿಸುತ್ತಿತ್ತು.

ಒಂದು ಬುಧವಾರ ಡಾಕ್ಟರ್ ಯಾನ್ ಎಂಬ ಡಚ್ ಸರ್ಜನ್ ಬೆಲ್ಟ್ ಹೋದ ಸ್ಪೂಲ್ ಮೆಷಿನ್ ತಂದರು. ಜೊತೆಗೆ ಒಂದೇ ಒಂದು ಸ್ಪೂಲ್. ಅವರು, ಅವರ ಹೆಂಡತಿ ಮತ್ತು ಇಬ್ಬರು ಗೆಳೆಯರು ಮನೆಯಲ್ಲೇ ನುಡಿಸಿದ್ದ ರಷ್ಯನ್ ಕ್ವಾರ್ಟೆಟ್ ಅದರಲ್ಲಿತ್ತು. ಇಪ್ಪತ್ತನೆಯ ಶತಮಾನದ ಆರಂಭದ ರಚನೆಯಂತೆ. ಎರಡು ವಯಲಿನ್, ತುಸು ದೊಡ್ಡದಾದ ವಯೋಲಾ, ಕೆಳದನಿಯ ಚೆಲ್ಲೊ. ಮೊದಲ ವಯಲಿನ್ ನುಡಿಸಿದ್ದ ಹೆಂಡತಿ ಹಿಂದಿನ ಚಳಿಗಾಲ ತೀರಿಕೊಂಡಿದ್ದರು. ಡಾಕ್ಟರು ಕೆಲಸ ಬಿಟ್ಟು ಮರುದಿನ ಸಂಜೆಯೇ ಊರಿಗೆ ಹೊರಡುವವರಿದ್ದರು. ಅಷ್ಟರೊಳಗೆ ಕ್ಯಾಸೆಟ್ಟಿಗೆ ನಕಲು ಬೇಕಿತ್ತು. ಟೇಪಿನ ಲೇಪನ ಉದುರುತ್ತಿತ್ತು. ಒಂದು ಸಲ ಓಡಿದರೆ ಪುಣ್ಯ.

ಇಳಿಮಧ್ಯಾಹ್ನದ ಅಸರ್ ನಮಾಜಿಗೆ ಶಟರ್ ಇಳಿಸಿ ಕೌಂಟರಿನ ಇಸ್ಮಾಯಿಲ್ ಮಸೀದಿಗೆ ಹೋದ. ಬಂಟ್ವಾಳದವನು, ನನ್ನ ರೂಮ್‌ಮೇಟ್. ಗಲಾಟೆಯಿಲ್ಲದ ಹೊತ್ತೆಂದು ಹೊಸ ಬೆಲ್ಟ್ ಹಾಕಿ ನಕಲು ಶುರುಮಾಡಿದೆ.

ವಯೋಲಾ ಒಂಟಿಯಾಗಿ ಏನೋ ಕೇಳಿತು. ವಯಲಿನ್‌ಗಳು ಉತ್ತರ ಕೊಡದೆ ಬೇರೆಯದನ್ನೇ ಕೇಳಿದವು. ಚೆಲ್ಲೊ ಆದರೂ ತಂಬೂರಿಯ ಹಾಗೆ ಒಂದು ಕಡೆ ಕೂತೀತು ಅಂದುಕೊಂಡರೆ ಅದೂ ಅರ್ಧರ್ಧ ಸ್ವರ ಜಾರುತ್ತಲೇ ಹೋಯಿತು. ಹಾಡು ಅನ್ನುವಷ್ಟರಲ್ಲಿ ಕವಾಯತು, ಕವಾಯತು ಅನ್ನುವಷ್ಟರಲ್ಲಿ ಬರೀ ತಂತಿ ಮೀಟುವ ಸದ್ದು. ಷಡ್ಜ ಎಲ್ಲಿ ಹಾಳಾಗಿ ಹೋಯಿತು? ನನಗೆ ಕೂತಲ್ಲಿ ಕೂರಲಾಗಲಿಲ್ಲ. ಬೆಲ್ಟ್ ಜಾರುತ್ತಿದೆ ಎಂದು ತೀರ್ಮಾನಿಸಿಬಿಟ್ಟೆ. ವೇಗವನ್ನು ಚೂರು ಹೆಚ್ಚುಕಡಿಮೆ ಮಾಡುವ ಪಿಚ್ ಕಂಟ್ರೋಲ್ ಹಿಡಿದು, ಸ್ವರ ಜಾರಿದಾಗಲೆಲ್ಲ ಶ್ರುತಿಗೆ ಎಳೆದು ತಂದೆ. ಏನು ತಿರುಗಿಸಿದರೂ ಜಾಬ್ ಕಾರ್ಡಿನಲ್ಲಿ ಬರೆಯುವುದು ನಮ್ಮ ಪದ್ಧತಿ. ಟೇಪ್ ಎಲ್ಲಿಗೆ ಬಂತೆಂದು ಮೆಷಿನ್ ತೋರಿಸುವ ಕೌಂಟರ್ ಸಂಖ್ಯೆ, ಗುಂಡಿ ಎಷ್ಟು ಗೆರೆ ಮೇಲೆ, ಎಷ್ಟು ಕೆಳಗೆ, ಎಲ್ಲಿ ನಾಯ್ಸ್ ಅಂದರೆ ಬೇಡದ ಸದ್ದು ಎಂದು ಬರೆಯುತ್ತಲೂ ಹೋದೆ. ಮುಗಿದಾಗ ಸ್ಪೂಲಿನ ಕೆಳಗೆ ಕಂದು ಪುಡಿ ಬಿದ್ದಿತ್ತು; ಆ ಟೇಪ್ ಇನ್ನೊಮ್ಮೆ ಓಡುವಂತಿರಲಿಲ್ಲ.

ಮರುದಿನ ಬೆಳಿಗ್ಗೆ ಡಾಕ್ಟರು ಹೆಡ್‌ಫೋನ್ ಹಾಕಿಕೊಂಡು ಕೇಳಿದರು. ನಿಧಾನ ಗತಿಯ ಭಾಗ ಶುರುವಾಗುವಲ್ಲಿ ನಿಲ್ಲಿಸಿದರು.

“ಇದು ಅವಳ ಉಸಿರಲ್ಲ” ಎಂದರು.

ಕ್ವಾರ್ಟೆಟ್‌ನಲ್ಲಿ ಕೈಬೀಸಿ ನಡೆಸುವವರಿರುವುದಿಲ್ಲ. ಮೊದಲ ವಯಲಿನ್‌ನವರು ಉಸಿರೆಳೆಯುತ್ತಾರೆ, ಉಳಿದವರು ಅದನ್ನು ಹಿಡಿದು ಶುರುಮಾಡುತ್ತಾರೆ. ನನ್ನ ನಕಲಿನಲ್ಲಿ ಆ ಉಸಿರು ದಪ್ಪಗಾಗಿ, ಉದ್ದವಾಗಿತ್ತು.

“ಬೆಲ್ಟ್ ಜಾರುತ್ತಿತ್ತು, ಸರಿಮಾಡಿದ್ದೇನೆ” ಎಂದೆ.

“ಈ ಸಂಗೀತ ಇರುವುದೇ ಹಾಗೆ. ಎಲ್ಲೂ ನಿಲ್ಲುವುದಿಲ್ಲ. ಅದಕ್ಕೇ ಅವಳಿಗೆ ಇಷ್ಟ.”

ಟೆಸ್ಟ್ ಟೇಪ್ ಹಾಕಿದೆ. ಮೀಟರಿನ ಮುಳ್ಳು ಅಲುಗಲಿಲ್ಲ. ಬೆಲ್ಟ್ ಸರಿಯಾಗಿಯೇ ಇತ್ತು. ನಾಚಿಕೆಯಿಂದ ನನಗೆ ತಲೆ ಎತ್ತಲಾಗಲಿಲ್ಲ.

“ಎಂತ ಮಾರಾಯ, ಸರಿ ಇದ್ದದ್ದನ್ನು ರಿಪೇರಿ ಮಾಡಿದ್ದಾ ನೀನು?” ಎಂದ ಇಸ್ಮಾಯಿಲ್ ಜಾಬ್ ಕಾರ್ಡ್ ಎತ್ತಿಕೊಂಡ. “ಎಲ್ಲ ಬರೆದಿದ್ದೀಯಲ್ಲ. ನಾನು ಓದ್ತೇನೆ, ನೀನು ಉಲ್ಟಾ ತಿರುಗಿಸು. ಯಲ್ಲಾ, ಶುರು ಮಾಡು.”

ನಕಲನ್ನೇ ಪಿಚ್ ಕಂಟ್ರೋಲ್ ಇದ್ದ ಇನ್ನೊಂದು ಡೆಕ್ಕಿನಲ್ಲಿ ಓಡಿಸಿ ಹೊಸ ಕ್ಯಾಸೆಟ್ಟಿಗೆ ಇಳಿಸುತ್ತಾ ನಲವತ್ತೊಂದು ಕಡೆ ನನ್ನ ಕೈಯನ್ನು ನಾನೇ ಹಿಂತೆಗೆದುಕೊಂಡೆ. ಎರಡು ಸಲ ತಪ್ಪಿತು. ಡಾಕ್ಟರು ಸ್ಟೂಲಿನ ಮೇಲೆ ಕೂತು ಗಡಿಯಾರ ನೋಡುತ್ತಿದ್ದರು. ಮೂರನೆಯ ನಕಲು ಮುಗಿದಾಗ ಮಧ್ಯಾಹ್ನ ದಾಟಿತ್ತು. ಅವರು ಅದೇ ಜಾಗಕ್ಕೆ ಹೋಗಿ ಕೇಳಿದರು, ಹಿಂದಕ್ಕೆ ಓಡಿಸಿ ಮತ್ತೆ ಕೇಳಿದರು. ನಾಲ್ಕನೆಯ ಸಲ “ಅವಳೇ” ಎಂದು ಹೆಡ್‌ಫೋನ್ ತೆಗೆದರು.

ಆಮೇಲೆ ನಿವೃತ್ತಿಯವರೆಗೂ ಟೆಸ್ಟ್ ಟೇಪ್ ಹಾಕದೆ ನಾನು ಯಾವ ಮೆಷಿನ್ನನ್ನೂ ಮುಟ್ಟಲಿಲ್ಲ. ನನಗೆ ಒಗ್ಗದ್ದೆಲ್ಲ ಕೆಟ್ಟದ್ದಲ್ಲ ಎಂದು ಕಲಿಯಲು ಅಷ್ಟು ದೂರ ಹೋಗಬೇಕಾಯಿತು. ಅವತ್ತು ಕಾರ್ಡನ್ನು ಫೈಲಿಗೆ ಸೇರಿಸುವಾಗ ಆ ನಿಧಾನ ಭಾಗದ ಕೌಂಟರ್ ಸಂಖ್ಯೆ ಕಣ್ಣಿಗೆ ಬಿತ್ತು. ಆಕೆ ಉಸಿರೆಳೆದ ಜಾಗದಲ್ಲಿ ನಾನು ‘ನಾಯ್ಸ್’ ಎಂದು ಬರೆದಿದ್ದೆ.