ಬೀಪಣ್ಣನ ಕಿವಿ

ಮನೆಗಳ ಅಲಾರಂ ರಿಪೇರಿ ಮಾಡುವ ಅವನಿಗೆ ಕಚೇರಿಯಲ್ಲಿ ಬೀಪಣ್ಣ ಎಂಬ ಹೆಸರು ಬಿದ್ದು ಎಷ್ಟೋ ಕಾಲವಾಗಿತ್ತು. ಸಿಟ್ಟು ಬಂದಾಗ ಹೆಂಡತಿಯೂ ಹಾಗೇ ಕರೆಯುತ್ತಿದ್ದಳು. ಕಳ್ಳ ಬಂದು ಅಲಾರಂ ಕೂಗಿಕೊಂಡದ್ದು ಅವನ ನೆನಪಿನಲ್ಲಿ ಕಡಿಮೆ. ಹೆಚ್ಚಿನವು ಬ್ಯಾಟರಿ ಸೊರಗಿ, ಹಸಿದ ಮರಿಹಕ್ಕಿಯ ಹಾಗೆ ನಿಮಿಷಕ್ಕೊಮ್ಮೆ ಕೀಚ್ ಎನ್ನುವಂಥವು. ಮನೆಯವರು ಒಂದು ದಿನ ಸಹಿಸುತ್ತಾರೆ, ಎರಡನೇ ದಿನ ಒಬ್ಬರನ್ನೊಬ್ಬರು ಬೈದುಕೊಳ್ಳುತ್ತಾರೆ, ಮೂರನೇ ದಿನ ಕಚೇರಿಗೆ ಫೋನು ಮಾಡುತ್ತಾರೆ. ಆಗ ಇವನು ಏಣಿ ಹೊತ್ತು ಹೋಗುತ್ತಾನೆ.

ಆ ಹೋಗುವುದೇ ಅವನಿಗೆ ಇಷ್ಟ. ಅಲಾರಂ ರಿಪೇರಿಯವನು ಬರುತ್ತಾನೆಂದು ಯಾರೂ ಮನೆ ಓರಣ ಮಾಡುವುದಿಲ್ಲ. ಮಡಚದೆ ಬಿಟ್ಟ ಹೊದಿಕೆ, ಮೆಟ್ಟಿಲ ಮೇಲೆ ಒಂಟಿ ಕಾಲುಚೀಲ, ಅರ್ಧಕ್ಕೆ ನಿಂತ ಜಗಳ, ಎಲ್ಲವೂ ಇದ್ದ ಹಾಗೇ ಕಾಣುತ್ತಿದ್ದವು. ಏಣಿಯ ಮೇಲೆ ನಿಂತರೆ ಮನೆ ಇನ್ನೂ ಚೆನ್ನಾಗಿ ಕಾಣುತ್ತದೆ ಎಂದು ಅವನು ಹೆಂಡತಿಗೆ ಹೇಳುತ್ತಿದ್ದ.

ಅವನ ಕಿವಿಯ ಸಂಗತಿ ಮೊದಲು ಗೊತ್ತಾದದ್ದು ಮೊಮ್ಮಗಳಿಗೆ. ಜ್ವರ ಬಂದ ಮಗುವಿನ ಕಂಕುಳಲ್ಲಿ ಥರ್ಮಾಮೀಟರ್ ಇಟ್ಟು ಅದರ ಶಬ್ದಕ್ಕೆ ಕಾಯುತ್ತ ಕೂತಿದ್ದ. ಕಾದ, ಇನ್ನೂ ಕಾದ.

"ತಾತ, ಅದು ಆಗ್ಲೇ ಕೂಗಿ ಸುಸ್ತಾಯ್ತು," ಎಂದಿತು ಮಗು.

ಬಾಗಿಲಲ್ಲಿ ನಿಂತಿದ್ದ ಹೆಂಡತಿ ಅವನ ಮುಖ ನೋಡಿದಳು. ಮಾತು ಕೇಳಿಸುತ್ತಿತ್ತು, ಬಸ್ಸಿನ ಹಾರ್ನ್ ಕೇಳಿಸುತ್ತಿತ್ತು. ಸೂಜಿಯಂಥ ಸಣ್ಣ ದನಿ ಮಾತ್ರ ಅವನನ್ನು ಬಿಟ್ಟು ಹೋಗಿತ್ತು. ಅವನ ಹೊಟ್ಟೆಪಾಡು ಇದ್ದದ್ದೇ ಆ ದನಿಯ ಮೇಲೆ.

"ಆಫೀಸಲ್ಲಿ ಹೇಳ್ತೀರಾ?" ಎಂದು ಆಕೆ ಕೇಳಿದಳು.

"ಹೇಳಿದ್ರೆ ಉಗ್ರಾಣದಲ್ಲಿ ಕೂರಿಸ್ತಾರೆ. ಕಿಟಕಿಯೂ ಇಲ್ಲ ಅಲ್ಲಿ."

ಅವನು ಒಂದು ಉಪಾಯ ಕಂಡುಕೊಂಡ. ಯಾವ ಮನೆಗೆ ಹೋದರೂ ಮನೆಯವರನ್ನು ಒಂದೊಂದು ಕೋಣೆಯಲ್ಲಿ ನಿಲ್ಲಿಸಿ, "ಶಬ್ದ ಬಂದ ತಕ್ಷಣ ಕೈ ಎತ್ತಿ. ಮಾತಾಡ್ಬೇಡಿ," ಎನ್ನುತ್ತಿದ್ದ. ಯಾರ ಕೈ ಮೊದಲು ಏಳುತ್ತದೋ ಆ ಕೋಣೆಗೆ ಏಣಿ ಹಾಕುತ್ತಿದ್ದ. ಜನ ಇದನ್ನು ದೊಡ್ಡ ಶಾಸ್ತ್ರವೆಂದು ತಿಳಿದು ಉಸಿರು ಬಿಗಿಹಿಡಿದು ನಿಲ್ಲುತ್ತಿದ್ದರು. ಹೀಗೇ ಎರಡು ವರ್ಷ ಸಾಗಿತು.

ಸಾಗದೆ ಹೋದದ್ದು ಒಂದೇ ಗೋಡೆಗೆ ಆತುಕೊಂಡ ಸಾಲುಮನೆಗಳ ಬೀದಿಯಲ್ಲಿ. ನೂಲಿನ ಗಿರಣಿಯಲ್ಲಿ ದುಡಿದು ನಿವೃತ್ತಳಾದ ಹೆಂಗಸಿನ ಮನೆ ಅದು. ಬೀದಿಯವರಿಗೆ ಆಕೆ ಗಿರಣಿ ಅಕ್ಕ. ಮೊದಲ ಸಲ ಹೋದಾಗ ಅವನು ಬಾಗಿಲ ಪಕ್ಕದ ಅಲಾರಂ ಪೆಟ್ಟಿಗೆಯ ಬ್ಯಾಟರಿ ಬದಲಿಸಿ, "ನಿಂತಿತಾ?" ಎಂದು ಕೇಳಿದ. "ನಿಂತಿತು," ಎಂದಳು. ವಾರ ಕಳೆಯುವುದರೊಳಗೆ ಮತ್ತೆ ದೂರು. ಕಿಟಕಿ, ಬಾಗಿಲುಗಳ ಸೆಲ್ಲುಗಳನ್ನೆಲ್ಲ ಬದಲಿಸಿದ. "ನಿಂತಿತಾ?" "ಓ, ನಿಂತೇಹೋಯ್ತು." ಮೂರನೇ ದೂರು ಬಂದಾಗ ಮೇಲ್ವಿಚಾರಕ ಹೇಳಿದ:

"ಬೀಪಣ್ಣ, ಇವತ್ತೂ ಅದು ನಿಲ್ಲದಿದ್ರೆ ನಾಳೆಯಿಂದ ಆ ಕಡೆ ಹೊಸ ಹುಡುಗಿ ಹೋಗ್ತಾಳೆ. ನಿಮಗೆ ಉಗ್ರಾಣ. ಬೇಜಾರು ಮಾಡ್ಕೋಬೇಡಿ."

ಆ ಬೆಳಿಗ್ಗೆ ಪೆಟ್ಟಿಗೆಯ ದೀಪಗಳೆಲ್ಲ ಹಸಿರಾಗಿದ್ದವು. ಅದರ ಪ್ರಕಾರ ಆ ಮನೆಯಲ್ಲಿ ಯಾವ ತೊಂದರೆಯೂ ಇರಲಿಲ್ಲ. ಅಷ್ಟರಲ್ಲಿ ಪಕ್ಕದ ಮನೆಯವನು ಬಾಗಿಲಿಗೆ ಬಂದ. ರಾತ್ರಿಯೆಲ್ಲ ಬೇಕರಿಯಲ್ಲಿ ಬ್ರೆಡ್ಡು ಸುಟ್ಟು ಹಗಲು ಮಲಗುವವನು. ಹುಬ್ಬಿನ ಮೇಲೆ ಇನ್ನೂ ಹಿಟ್ಟು ಇತ್ತು.

"ರಿಪೇರಿ ಸ್ವಾಮಿ, ನಿಮಗೆ ಕೈ ಮುಗೀತೀನಿ. ಗೋಡೆ ಆಚೆಯಿಂದ ಕೀಚ್ ಕೀಚ್ ಅಂತ ನನ್ನ ತಲೆ ಕೊರೀತಿದೆ. ಅಕ್ಕ, ನೀವು ಅದನ್ನ ಹೇಗೆ ಸಹಿಸ್ತೀರಿ?"

"ಅಭ್ಯಾಸ ಆಗಿದೆ," ಎಂದಳು ಗಿರಣಿ ಅಕ್ಕ.

ಬ್ರೆಡ್ಡಿನವನು ಗೊಣಗುತ್ತ ಮಲಗಲು ಹೋದ. ಬೀಪಣ್ಣ ಆಕೆಯನ್ನು ಮುಂದಿನ ಕೋಣೆಯಲ್ಲಿ ನಿಲ್ಲಿಸಿ, ತಾನು ಆಕೆ ಕಾಣುವಂತೆ ಹಜಾರದಲ್ಲಿ ನಿಂತ. "ಶಬ್ದ ಬಂದಾಗ ಕೈ ಎತ್ತಿ," ಎಂದ.

ಆಕೆ ಕೈ ಎತ್ತಿದಳು. ಅವನು ಕೇಳಿಸಿತೆಂಬಂತೆ ತಲೆಯಾಡಿಸಿದ. ಮತ್ತೆ ಎತ್ತಿದಳು, ಮತ್ತೆ ತಲೆಯಾಡಿಸಿದ. ರೂಢಿಯಂತೆ ಅವನ ಕಣ್ಣು ಗಡಿಯಾರದ ಮೇಲಿತ್ತು. ಸೊರಗಿದ ಬ್ಯಾಟರಿ ಲೆಕ್ಕ ತಪ್ಪುವುದಿಲ್ಲ. ಒಂದು ಕೂಗಿಗೂ ಇನ್ನೊಂದಕ್ಕೂ ಯಾವಾಗಲೂ ಒಂದೇ ಅಂತರ. ಆಕೆಯ ಕೈ ಮಾತ್ರ ಒಮ್ಮೆ ಬೇಗ, ಒಮ್ಮೆ ತಡವಾಗಿ, ಮನಸ್ಸಿಗೆ ಬಂದಂತೆ ಏಳುತ್ತಿತ್ತು.

ಅವನು ಗಡಿಯಾರದಿಂದ ಕಣ್ಣು ತೆಗೆದು ಆಕೆಯನ್ನು ನೋಡಿದ. ಆಕೆ ಆಗಲೇ ಅವನನ್ನು ನೋಡುತ್ತಿದ್ದಳು.

"ನಿಮಗೆ ಕೇಳಿಸ್ತಿಲ್ಲ ಅಲ್ವಾ?" ಎಂದ.

"ನಿಮಗೆ?" ಎಂದಳು ಆಕೆ. "ನಾನು ಸುಮ್ಸುಮ್ನೆ ಕೈ ಎತ್ತಿದಾಗೆಲ್ಲ ತಲೆ ಆಡಿಸಿದ್ರಲ್ಲ!"

ಗೋಡೆಯಾಚೆಯಿಂದ ಬ್ರೆಡ್ಡಿನವನು ದಿಂಬನ್ನೋ ಚಪ್ಪಲಿಯನ್ನೋ ಗೋಡೆಗೆಸೆದ ಸದ್ದು ಬಂತು. ಅದು ಇಬ್ಬರಿಗೂ ಕೇಳಿಸಿತು.

"ಈಗ ಕೂಗಿರ್ಬೇಕು," ಎಂದಳು ಗಿರಣಿ ಅಕ್ಕ. ನಗು ಬಂದದ್ದು ಅವಳಿಗೇ ಮೊದಲು.

"ಆಫೀಸಿಗೆ ದೂರು ಕೊಟ್ಟವರು ಯಾರು ಹಾಗಾದ್ರೆ?"

"ನಾನೇ. ಪಕ್ಕದ ಮನೆಯವನು ಬಂದು ಬಂದು ಹೇಳ್ತಿದ್ದ, ನಾನು ಫೋನ್ ಮಾಡ್ತಿದ್ದೆ. ಕೇಳಿಸಲ್ಲ ಅಂತ ಗೊತ್ತಾದ್ರೆ ನನ್ನ ತಂಗಿ ಕಿವಿಗೆ ಯಂತ್ರ ಹಾಕಿಸ್ತಾಳೆ. ಜೀವಮಾನ ಪೂರ್ತಿ ಯಂತ್ರದ ಪಕ್ಕ ನಿಂತವಳು ನಾನು. ಈಗ ಅದನ್ನ ಕಿವಿ ಒಳಗೇ ಇಟ್ಕೊಳ್ಳಲಾ?"

ಕೇಳಿಸಿಕೊಳ್ಳುವ ಹೊಣೆ ಇಳಿದ ಮೇಲೆ ಅವನು ನೋಡತೊಡಗಿದ. ಹಜಾರದ ಚಾವಣಿಯ ನಡುವೆ, ಹೊಗೆಗೂ ವಯಸ್ಸಿಗೂ ಮಾಸಿದ ಬಣ್ಣದಲ್ಲಿ, ತಟ್ಟೆಯಗಲದ ಒಂದು ಬಿಳಿ ವೃತ್ತ ಉಳಿದಿತ್ತು. ಅದರೊಳಗೆ ಎರಡು ಮೊಳೆಯ ತೂತು. ಮೂರು ಸಲ ಅದರ ಕೆಳಗೇ ಓಡಾಡಿದ್ದ. ಒಮ್ಮೆಯೂ ತಲೆ ಎತ್ತಿರಲಿಲ್ಲ.

"ಇಲ್ಲಿ ಏನಿತ್ತು?"

"ಹಳೇ ಹೊಗೆ ಅಲಾರಂ. ಕಿರುಚ್ತಿದೆ ಅಂತ ತಂಗಿ ಕಿತ್ತು ಎಲ್ಲೋ ಇಟ್ಟಳು, ಊರಿಗೆ ಹೋಗೋ ಮುಂಚೆ. ಕಿತ್ತ ಮೇಲೂ ಕೂಗ್ತದಾ ಅದು?"

"ಒಳಗೆ ಬ್ಯಾಟರಿ ಇರೋವರೆಗೆ ಬಾಯಿ ಮುಚ್ಚಲ್ಲ."

ಗೋಡೆಯ ಪೆಟ್ಟಿಗೆಗೂ ಅದಕ್ಕೂ ಸಂಬಂಧವಿರಲಿಲ್ಲ. ಅದಕ್ಕೇ ಎಲ್ಲ ದೀಪ ಹಸಿರು. ತಂಗಿಗೆ ಫೋನು ಮಾಡಿದರೆ ಸಿಗಲಿಲ್ಲ. ಗಿರಣಿ ಅಕ್ಕ ಸೆರಗು ಬಿಗಿದುಕೊಂಡು, ಬ್ರೆಡ್ಡಿನವನ ಗೋಡೆಗೆ ಆತುಕೊಂಡಿದ್ದ ಮರದ ಬೀರುವಿಗೆ ಎರಡೂ ಅಂಗೈ ಒತ್ತಿ ಕಣ್ಣು ಮುಚ್ಚಿದಳು. ಗಿರಣಿಯ ಗದ್ದಲದಲ್ಲಿ ಯಾವ ರಾಟೆ ಕೆಟ್ಟಿತೆಂದು ಅಂಗೈಯಲ್ಲೇ ತಿಳಿಯುತ್ತಿದ್ದೆವು ಎಂದಳು. ಅವನೂ ಇನ್ನೊಂದು ಬದಿಯಲ್ಲಿ ಕೈಯಿಟ್ಟು ನಿಂತ. ಮರ ತಣ್ಣಗಿತ್ತು. ಆಮೇಲೆ ಬೆರಳ ತುದಿಯಲ್ಲಿ, ಇರುವೆ ಮಗ್ಗುಲು ಬದಲಿಸಿದಷ್ಟು, ಏನೋ ಆಯಿತು.

"ಬಂತಾ?"

"ಬಂತು," ಎಂದ. ಈ ಸಲ ಸುಳ್ಳಲ್ಲ.

ಉಣ್ಣೆಯ ಶಾಲುಗಳ ನಡುವೆ ಅದು ಸಿಕ್ಕಿತು. ಬ್ಯಾಟರಿ ತೆಗೆದ, ಒಳಗೆ ಉಳಿದ ಕಸುವೂ ಹೋಗಲೆಂದು ಗುಂಡಿಯನ್ನು ಒತ್ತಿ ಹಿಡಿದ. ಆಮೇಲೆ ಇಬ್ಬರೂ ಹೋಗಿ ಪಕ್ಕದ ಬಾಗಿಲು ತಟ್ಟಿ ಬ್ರೆಡ್ಡಿನವನನ್ನು ಹಾಸಿಗೆಯಿಂದ ಎಬ್ಬಿಸಿದರು.

"ನಿಂತಿತಾ ನೋಡಿ ಹೇಳು," ಎಂದಳು ಗಿರಣಿ ಅಕ್ಕ.

"ನಿಂತಿದ್ದಕ್ಕೇ ಕಣ್ರೀ ಅಕ್ಕ ನಿದ್ದೆ ಹತ್ತಿದ್ದು!"

ಬೀಪಣ್ಣ ಮೆಟ್ಟಿಲ ಮೇಲೆ ಕೂತು ಕಚೇರಿಗೆ ಫೋನು ಮಾಡಿದ. ನಿಂತಿತು ಎಂದಷ್ಟೇ ಹೇಳಿ ಮುಂದಿನ ಮನೆಗೆ ಹೋಗಬಹುದಿತ್ತು. ಆದರೆ ಇಷ್ಟು ದಿನವೂ ಆ ಹಜಾರದಲ್ಲಿ ಹೊಗೆ ತುಂಬಿದ್ದರೆ ಎಚ್ಚರಿಸುವುದು ಏನೂ ಇರಲಿಲ್ಲ; ಅವನು ಎರಡು ಸಲ ಎಲ್ಲ ಸರಿಯಿದೆ ಎಂದು ಹೇಳಿ ಹೋಗಿದ್ದ.

"ನೀವೇ ಕೇಳಿಸ್ಕೊಂಡ್ರಾ ನಿಂತದ್ದನ್ನ?" ಎಂದು ಮೇಲ್ವಿಚಾರಕ ಕೇಳಿದ.

"ಇಲ್ಲ. ಪಕ್ಕದ ಮನೆಯವರು. ನನಗೆ ಆ ಶಬ್ದ ಕೇಳಿಸಲ್ಲ ಸಾರ್. ಎರಡು ವರ್ಷ ಆಯ್ತು."

"ಏಣಿ ತಂದು ಒಪ್ಪಿಸಿ, ಅಣ್ಣ," ಎಂದ ಮೇಲ್ವಿಚಾರಕ, ಬೀಪ್ ಎನ್ನುವುದನ್ನು ಬಿಟ್ಟು.

ಉಗ್ರಾಣದಲ್ಲಿ ಕಿಟಕಿ ಇಲ್ಲದಿರುವುದು ನಿಜವೇ. ವಾಪಸು ಬಂದ ಅಲಾರಂಗಳು ರಟ್ಟಿನ ಪೆಟ್ಟಿಗೆಗಳಲ್ಲಿ ರಾಶಿ ಬಿದ್ದಿರುತ್ತವೆ, ಕೆಲವು ಇನ್ನೂ ಕೂಗುತ್ತಿರುತ್ತವೆ. ಅವನಿಗಿಂತ ಮುಂಚೆ ಅಲ್ಲಿ ಯಾರೂ ಹೆಚ್ಚು ದಿನ ನಿಂತಿರಲಿಲ್ಲ. ಹೊಸ ಹುಡುಗಿ ಸಾಮಾನು ಒಯ್ಯಲು ಬಂದಾಗ ಕಿವಿ ಮುಚ್ಚಿಕೊಂಡು, "ಹೇಗೆ ಕೂತಿರ್ತೀರಿ ಇಲ್ಲಿ?" ಎನ್ನುತ್ತಾಳೆ. ಅವನು ಪೆಟ್ಟಿಗೆಗಳ ಮೇಲೆ ಒಂದೊಂದಾಗಿ ಅಂಗೈ ಇಡುತ್ತ, ಇವತ್ತು ಯಾವ ಮನೆಗೆ ಹೋಗಿದ್ದೆ, ಅಲ್ಲಿ ಏನೇನಿತ್ತು ಎಂದು ಅವಳನ್ನು ಕೇಳುತ್ತಾನೆ. ಅವಳು ಅಲಾರಂ ವಿಷಯ ಹೇಳುತ್ತಾಳೆ. "ಅದಲ್ಲಮ್ಮ, ಮನೆ ಹೇಗಿತ್ತು?" ಎನ್ನುತ್ತಾನೆ.

ಒಂದು ಮಧ್ಯಾಹ್ನ ಗಿರಣಿ ಅಕ್ಕ ಹಳೇ ಹೊಗೆ ಅಲಾರಂ ಅನ್ನು ಚೀಲದಲ್ಲಿ ಹಾಕಿಕೊಂಡು ಬಂದಳು. ಬದಲಿಗೆ ಕೂಗುವುದು ಬೇಡ, ದೀಪ ಮಿನುಗಿಸುವಂಥದ್ದು ಇದೆಯೇ ಎಂದು ಕೇಳಿದಳು. ಇತ್ತು. ಅವನು ಮೇಲಿನ ಹಲಗೆಯಿಂದ ತೆಗೆದು, ಧೂಳು ಒರೆಸಿ, ಗುಂಡಿ ಒತ್ತಿದ. ಕಿಟಕಿಯಿಲ್ಲದ ಕೋಣೆಯಲ್ಲಿ ಬೆಳಕು ಚಕ್ಕನೆ ಹೊಳೆಯಿತು.

ಗಿರಣಿ ಅಕ್ಕ ಕೈ ಎತ್ತಿದಳು.